ಖಡ್ಗಕ್ಕೆ ಗಾಜಿನ ಪೆಟ್ಟಿಗೆ, ಕ್ಷೌರದ ಕತ್ತಿಗೆ ಗುಜರಿ

ನಮ್ಮ ನಾಡಿನಲ್ಲಿ ಖಡ್ಗಕ್ಕಿರುವ ಭಾಗ್ಯ ಇನ್ನಾವ ಅಲಗಿಗೂ ಇಲ್ಲ. ಸಂಗ್ರಹಾಲಯಗಳಲ್ಲಿ ಅದು ಗಾಜಿನ ಪೆಟ್ಟಿಗೆಯೊಳಗೆ ಮಖಮಲ್ಲಿನ ಮೇಲೆ ಮಲಗಿರುತ್ತದೆ. ಹಿಡಿಯ ಮೇಲಿನ ಕುಸುರಿ ಯಾವ ಶತಮಾನದ್ದು, ಲೇಪ ಬೆಳ್ಳಿಯದೋ ಬಂಗಾರದ್ದೋ ಎಂಬುದನ್ನು ಚೀಟಿ ಬರೆದು ಅಂಟಿಸಿರುತ್ತಾರೆ. ನಮ್ಮ ಹಾನಗಲ್ಲಿನ ತಾರಕೇಶ್ವರ ಗುಡಿಗೆ ಬಂದ ಪ್ರವಾಸಿಗಳು ಅಲ್ಲಿಯ ವೀರಗಲ್ಲುಗಳ ಮುಂದೆ ನಿಂತರೆ ಮೊದಲು ಬೆರಳು ಹೋಗುವುದು ವೀರನ ಕೈಯಲ್ಲಿರುವ ಆಯುಧದ ಕಡೆಗೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇನ್ನೊಂದು ಅಲಗು ನಮ್ಮ ಅಜ್ಜಂದಿರ ಕೊರಳ ಮೇಲೆ ವಾರಕ್ಕೊಮ್ಮೆಯಾದರೂ ಆಡುತ್ತಿತ್ತು. ಅವರು ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಪ್ರಾಣವನ್ನೇ ಅದರ ಕೆಳಗೆ ಒಡ್ಡಿ ಕುಳಿತಿರುತ್ತಿದ್ದರು. ಅದು ಒಂದು ಹನಿ ನೆತ್ತರು ಕೆಡಹದೆ ತನ್ನ ಕೆಲಸ ಮುಗಿಸಿ ಮಡಿಚಿಕೊಂಡು ಚೀಲ ಸೇರುತ್ತಿತ್ತು. ಆ ಕ್ಷೌರದ ಕತ್ತಿ ಈಗ ಎಲ್ಲಿದೆ? ನನ್ನ ಬಲ್ಲ ಮಟ್ಟಿಗೆ, ಗುಜರಿಯವನ ತಕ್ಕಡಿಯಲ್ಲಿದೆ.

ಈ ಲೇಖನಕ್ಕೆ ಕಾರಣವಾದದ್ದು ಆ ತಕ್ಕಡಿ. ಹಾನಗಲ್ಲು, ಅಕ್ಕಿಆಲೂರು, ಬಂಕಾಪುರ, ಸವಣೂರು, ಹಿರೇಕೆರೂರುಗಳ ಹಡಪದ ಮನೆತನಗಳಲ್ಲಿ ಹಳೆಯ ಮಡಿಚುವ ಕತ್ತಿಗಳು ಇಂದಿಗೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಈಗಿನ ಅಂಗಡಿಗಳಲ್ಲಿ ಕಾಣುವ, ಅರ್ಧ ಬ್ಲೇಡು ಸಿಕ್ಕಿಸಿ ಬಿಸಾಡುವ ಸಾಧನದ ಮಾತನ್ನು ನಾನು ಆಡುತ್ತಿಲ್ಲ. ಇಡಿಯ ಉಕ್ಕಿನ ಒಂದೇ ಅಲಗು. ಸಾಣೆಕಲ್ಲಿನ ಮೇಲೆ ಮಸೆದು, ತೊಗಲಿನ ಪಟ್ಟಿಯ ಮೇಲೆ ಎಳೆದು ಹರಿತ ಮಾಡುವಂಥದು. ತಲೆಮಾರು ಕಳೆದರೂ ಸವೆದು ಮುಗಿಯದಂಥದು. ಕೆಲವುಗಳ ಮೇಲೆ ಇಂಗ್ಲೆಂಡಿನ ಷೆಫೀಲ್ಡ್ ಊರಿನ ಮುದ್ರೆ, ಕೆಲವುಗಳ ಮೇಲೆ ಜರ್ಮನಿಯ ಝೋಲಿಂಗೆನ್ ಊರಿನ ಮುದ್ರೆ. ಈ ಅಲಗುಗಳಿಗೆ ಸಾವು ಬರುವುದು ಅಲಗಿನಿಂದಲ್ಲ, ಹಿಡಿಯಿಂದ. ಕೋಡಿನ ಹಿಡಿಯಾದರೆ ಹುಳು ಹಿಡಿಯುತ್ತದೆ, ಮಳೆಗಾಲದಲ್ಲಿ ಸೊಟ್ಟಗಾಗುತ್ತದೆ. ಸೆಲ್ಯುಲಾಯ್ಡ್ ಹಿಡಿಯ ಕಥೆ ಇನ್ನೂ ಕೆಟ್ಟದ್ದು. 1870ರ ಸುಮಾರಿಗೆ ಅಮೇರಿಕೆಯಲ್ಲಿ ಬಳಕೆಗೆ ಬಂದ ಈ ಕೃತಕ ವಸ್ತುವನ್ನು ದಂತದ ಹಾಗೆ, ಆಮೆಯ ಚಿಪ್ಪಿನ ಹಾಗೆ ಕಾಣುವಂತೆ ಬಣ್ಣ ಕೊಟ್ಟು ಲಕ್ಷಾಂತರ ಕತ್ತಿಗಳಿಗೆ ತೊಡಿಸಿದರು. ಅದು ಮುಪ್ಪಾದ ಮೇಲೆ ತಾನಾಗಿ ಕೊಳೆಯತೊಡಗುತ್ತದೆ. ಕೊಳೆಯುವಾಗ ಹೊರಬಿಡುವ ಆವಿ ತೇವದೊಂದಿಗೆ ಸೇರಿ ಆಮ್ಲವಾಗಿ ಒಳಗೆ ಮಲಗಿದ ಅಲಗನ್ನೇ ತಿನ್ನುತ್ತದೆ. ಕಾಯಬೇಕಾದ ಮನೆಯೇ ಕೊಲ್ಲುವ ಮನೆಯಾಗುತ್ತದೆ. ಹಿಡಿ ಬಿರಿದ ಕತ್ತಿಯನ್ನು ಮನೆಯವರು ಕೆಲವು ವರ್ಷ ಗೂಡಿನಲ್ಲಿಡುತ್ತಾರೆ. ಆಮೇಲೆ ಒಂದು ದೀಪಾವಳಿಯ ಮುಂಚೆ ಮನೆ ಬಳಿಯುವಾಗ ಅದು ಹಳೆ ತಗಡಿನೊಂದಿಗೆ ತಕ್ಕಡಿ ಏರುತ್ತದೆ.

ಇದು ಆಗಬಾರದು ಎಂಬುದು ನನ್ನ ವಾದ. ಆ ಅಲಗಿಗೆ ಹೊಸ ಮರದ ಹಿಡಿ ತೊಡಿಸಬಹುದು. ತೊಡಿಸುವ ಕೈ ನಮ್ಮ ಊರಿನಲ್ಲಿಯೇ ಉಂಟು, ಮರವೂ ಉಂಟು. ಇಲ್ಲದಿರುವುದು ಒಂದೇ: ಆ ಕೆಲಸ ಮಾಡಿಸಬೇಕೆಂಬ ಮನಸ್ಸು. ಮನಸ್ಸೇಕೆ ಇಲ್ಲವೆಂದರೆ, ಕ್ಷೌರದ ಕತ್ತಿಯೆಂಬುದು ಮಾನವುಳ್ಳವರು ಕೈಯಲ್ಲಿ ಹಿಡಿದು ಮೆಚ್ಚತಕ್ಕ ವಸ್ತುವಲ್ಲವೆಂದು ನಾವು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೇವೆ.

ಕನ್ನಡ ಕಲಿಸುವವನಾದ್ದರಿಂದ ಮೊದಲು ಮಾತಿನ ಕಡೆಗೆ ಗಮನ ಹೋಗುವುದು ಸಹಜ. ನಮ್ಮ ಭಾಷೆ ಹಿಡಿಗಳ ವಿಷಯದಲ್ಲಿ ಬಡವಲ್ಲ. ಕೊಡಲಿಗೆ ಕಾವು, ನೇಗಿಲಿಗೆ ಮೇಳಿ, ಬೀಸುಕಲ್ಲಿಗೆ ಗೂಟ, ಕುಡುಗೋಲಿಗೆ ಹಿಡಿ. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಮರವನ್ನು ಕಡಿಯುವ ಕೊಡಲಿಗೆ ಮರವೇ ಕಾವಾಯಿತೆಂಬ ನೋವು ಅದರಲ್ಲಿದೆ. ಕ್ಷೌರದ ಕತ್ತಿಯ ಹಿಡಿಗೆ ಆ ಪಾಪವಿಲ್ಲ. ಅದರ ರಚನೆಯೂ ಬೇರೆ. ಮಿಕ್ಕ ಆಯುಧಗಳಲ್ಲಿ ಹಿಡಿ ಬೇರೆ, ಒರೆ ಬೇರೆ. ಇಲ್ಲಿ ಎರಡೂ ಒಂದೇ. ತೆಳುವಾದ ಎರಡು ಪಟ್ಟಿಗಳ ನಡುವೆ ಅಲಗು ಮಲಗುತ್ತದೆ. ಬೇಕಾದಾಗ ಎದ್ದು ನಿಲ್ಲುತ್ತದೆ. ಹಿಡಿಯೇ ಒರೆ, ಒರೆಯೇ ಹಿಡಿ. ಕಠೋಪನಿಷತ್ತಿನ ಋಷಿಗೆ ದುರ್ಗಮವಾದ ಮಾರ್ಗವನ್ನು ಹೋಲಿಸಲು ಕ್ಷೌರದ ಕತ್ತಿಯ ಅಲಗು ನೆನಪಾಯಿತು. ಆ ಅಲಗನ್ನು ಕೈಗೆ ಗಾಯವಾಗದಂತೆ ಹಿಡಿಯಲು ಅನುವು ಮಾಡಿಕೊಟ್ಟ ಹಿಡಿಯನ್ನು ಯಾರೂ ನೆನೆಯಲಿಲ್ಲ.

ಹಿಡಿ ಮಾಡುವುದೆಂದರೆ ಎರಡು ಚೂರು ಮರವನ್ನು ಮೊಳೆಯಿಂದ ಜಡಿಯುವುದಷ್ಟೇ ಎಂದು ತಿಳಿದವರುಂಟು. ನಾನು ಹೋದ ವರ್ಷ ಒಬ್ಬ ಹಿರಿಯರ ಹಡಪದಲ್ಲಿದ್ದ, ಹಿಡಿ ಬಿರಿದ ಷೆಫೀಲ್ಡ್ ಕತ್ತಿಯೊಂದನ್ನು ಅವರ ಒಪ್ಪಿಗೆಯಿಂದ ತೆಗೆದುಕೊಂಡು ನಮ್ಮ ಊರ ಬಡಿಗೇರ ಯಜಮಾನರ ಹತ್ತಿರ ಹೋದೆ. ಒಂದು ಕಾಲಕ್ಕೆ ಚಕ್ಕಡಿ, ಕೂರಿಗೆ, ಕುಂಟೆ, ನೇಗಿಲು ಎಂದು ವರ್ಷವಿಡೀ ಕೆಲಸವಿದ್ದ ಮನೆ ಅದು. ಟ್ರ್ಯಾಕ್ಟರು ಬಂದ ಮೇಲೆ ಆ ಕೆಲಸ ಕರಗಿತು. ಪೇಟೆಯಿಂದ ಸಿದ್ಧ ಬಾಗಿಲುಗಳು ಬಂದ ಮೇಲೆ ಉಳಿದದ್ದೂ ಕರಗಿತು. ಯಜಮಾನರು ಅಲಗನ್ನು ಬೆಳಕಿಗೆ ಹಿಡಿದು ನೋಡಿ, "ಇಂಥಾ ಕೆಲ್ಸಾ ಕೇಳಿಕೊಂಡ್ ಬಂದವ್ರು ನೀವ ಮೊದಲ್ನೇದವ್ರು ನೋಡ್ರಿ ಸರ" ಎಂದರು.

ಅವರು ಮಾಡಿದ ಬಗೆಯನ್ನು ಹೇಳಲೇಬೇಕು. ಅಲಗನ್ನು ಕಾಗದದ ಮೇಲಿಟ್ಟು, ಮಡಿಚಿದಾಗ ಅದು ಎಲ್ಲಿಯವರೆಗೆ ಬರುತ್ತದೆಂದು ಗೀಟು ಎಳೆದರು. ಹಿಡಿಯ ಉದ್ದ ಸುಮಾರು 6 ಅಂಗುಲವಾಯಿತು. ಹಳೆಯ ಮಂಚವೊಂದರ ಬೀಟೆಯ ಕಾಲಿನಿಂದ ಒಂದೇ ತುಂಡನ್ನು ತೆಗೆದು, ನಡುವೆ ಸೀಳಿ ಎರಡು ಪಟ್ಟಿ ಮಾಡಿದರು. ಒಂದೇ ತುಂಡೇಕೆಂದರೆ, ಎರಡು ಮೈಗಳ ಗೆರೆಗಳು ಒಂದಕ್ಕೊಂದು ಕನ್ನಡಿ ಹಿಡಿದಂತೆ ಕೂಡಿಬರಬೇಕು. ಹವೆ ಬದಲಾದಾಗ ಎರಡೂ ಒಂದೇ ರೀತಿ ವರ್ತಿಸಬೇಕು. ಮರದ ಎಳೆ ಉದ್ದಕ್ಕೆ ಓಡಬೇಕು. ಅಡ್ಡ ಓಡಿದರೆ ಮೊಳೆಯ ಹತ್ತಿರ ಸೀಳು ಬರುವುದು ನಿಶ್ಚಯ. ಪಟ್ಟಿಗಳನ್ನು ಕೀಸಿ ಕೀಸಿ 3 ಮಿಲಿಮೀಟರಿಗೆ ಇಳಿಸಿದರು. ಅದಕ್ಕಿಂತ ದಪ್ಪವಾದರೆ ಕೈಗೆ ಭಾರ, ತೆಳುವಾದರೆ ಬಲ ಸಾಲದು. ಎರಡನ್ನೂ ಜೋಡಿಸಿ ಅಂಟಿಸಿಕೊಂಡು ಒಂದೇ ಸಲಕ್ಕೆ ರಂಧ್ರ ಕೊರೆದರು. ಬೇರೆ ಬೇರೆ ಕೊರೆದರೆ ಕೂದಲೆಳೆಯಷ್ಟು ತಪ್ಪಿದರೂ ಅಲಗು ಒಂದು ಬದಿಗೆ ವಾಲಿ ಮರಕ್ಕೆ ತಗಲುತ್ತದೆ. ತಗಲಿದ ಅಲಗಿನ ಬಾಯಿ ಹೋಗುತ್ತದೆ.

ಹಿಡಿಯ ತುದಿಯಲ್ಲಿ ಎರಡು ಪಟ್ಟಿಗಳ ನಡುವೆ ಒಂದು ಬೆಣೆ ಇಡುತ್ತಾರೆ. ಈ ಬೆಣೆಯ ಮರ್ಮವನ್ನು ನಾನು ಅಂದು ಅರಿತೆ. ಅದು ಹೊರತುದಿಯಲ್ಲಿ ದಪ್ಪ, ಒಳಕ್ಕೆ ಬಂದಂತೆ ತೆಳು. ಅದರಿಂದ ಪಟ್ಟಿಗಳು ನೆಟ್ಟಗೆ ನಿಲ್ಲದೆ ಅಲಗಿನ ಕಡೆಗೆ ತುಸುವೇ ಬಾಗಿ ಒತ್ತುತ್ತವೆ. ಈ ಒತ್ತು ಸರಿಯಾಗಿದ್ದರೆ ಮಡಿಚಿದ ಅಲಗು ನಟ್ಟನಡುವೆ ಮಲಗುತ್ತದೆ, ತೆರೆದ ಅಲಗು ಇಟ್ಟಲ್ಲಿ ನಿಲ್ಲುತ್ತದೆ. ಒತ್ತು ಹೆಚ್ಚಾದರೆ ಬಿಚ್ಚಲು ಬಲ ಬೇಕು, ಬಲ ಹಾಕಿದ ಕೈ ಜಾರುತ್ತದೆ; ಕಡಿಮೆಯಾದರೆ ಅಲಗು ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಎರಡೂ ಅಪಾಯವೇ. ಕೊನೆಗೆ ಹಿತ್ತಾಳೆಯ ತಂತಿ. ಒಂದೂವರೆ ಮಿಲಿಮೀಟರಿನಷ್ಟು ದಪ್ಪದ ತಂತಿಯನ್ನು ರಂಧ್ರದಲ್ಲಿ ತೂರಿಸಿ, ಎರಡೂ ಬದಿಗೆ ಪುಟ್ಟ ಹಿತ್ತಾಳೆ ಬಿಲ್ಲೆಗಳನ್ನು ಹಾಕಿ, ಒಂದು ಮಿಲಿಮೀಟರಿನಷ್ಟು ಹೊರಗುಳಿಸಿ ಕತ್ತರಿಸಿ, ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ತಟ್ಟುವುದು. ಹೊಡೆಯುವುದಲ್ಲ, ತಟ್ಟುವುದು. ನೂರು ಸಲ ಮೆಲ್ಲಗೆ ತಟ್ಟಿದರೆ ತಂತಿಯ ತಲೆ ಅಣಬೆಯಂತೆ ಅರಳಿ ಬಿಲ್ಲೆಯ ಮೇಲೆ ಕುಳಿತುಕೊಳ್ಳುತ್ತದೆ. ಒಂದು ಸಲ ಜೋರಾಗಿ ಹೊಡೆದರೆ ತಂತಿ ಒಳಗೇ ಬಾಗುತ್ತದೆ, ಇಲ್ಲವೇ ಪಟ್ಟಿ ಸೀಳುತ್ತದೆ.

ಜಡಿಯುವ ಮುನ್ನ ಅವರು ಪಟ್ಟಿಗಳ ಒಳಮೈಯನ್ನೂ ಮರಳು ಕಾಗದದಿಂದ ಉಜ್ಜಿ, ಅಗಸೆಯ ಎಣ್ಣೆಯನ್ನು ಮೂರು ದಿನ ಮೂರು ಕೈ ಹಚ್ಚಿ ಒಣಗಿಸಿದ್ದರು. "ಒಳಗಿಂದು ಯಾರ್ ನೋಡ್ತಾರ ಯಜಮಾನ್ರ?" ಎಂದು ಕೇಳಿದೆ. "ಯಾರೂ ನೋಡೂದಿಲ್ರಿ ಸರ. ಆದ್ರ ನೀರು ನಿಂದ್ರೂದು ಅಲ್ಲೇ ನೋಡ್ರಿ. ಈಗ ಬಿಟ್ರ, ಜಡದ ಮ್ಯಾಲೆ ಅಲ್ಲಿ ಕೈ ಹೋಗೂದಿಲ್ಲ" ಎಂದರು. ಸಭೆಗಳಲ್ಲಿ ಸಂಸ್ಕೃತಿಯ ವಿಷಯವಾಗಿ ತಾಸುಗಟ್ಟಲೆ ಭಾಷಣ ಕೇಳಿದ್ದೇನೆ. ಈ ಉತ್ತರದಷ್ಟು ನೆಟ್ಟಗೆ ಯಾರೂ ಹೇಳಿದ್ದು ನೆನಪಿಲ್ಲ.

ಮರದ ಆಯ್ಕೆಯ ವಿಷಯವಾಗಿ ಒಂದು ಮಾತು. ನಮ್ಮ ತಾಲೂಕು ಮಲೆನಾಡಿನ ಸೆರಗಿನಲ್ಲಿದೆ. ಪಡುವಣಕ್ಕೆ ನಡೆದರೆ ಮುಂಡಗೋಡ, ಶಿರಸಿಗಳ ಕಾಡು. ಸಾಗವಾನಿ, ಬೀಟೆ, ಹೊನ್ನೆ, ಮತ್ತಿಗಳ ಹೆಸರನ್ನು ಇಲ್ಲಿಯ ಮಕ್ಕಳೂ ಬಲ್ಲರು. ಕ್ಷೌರದ ಕತ್ತಿಗೆ ಬೇಕಾದದ್ದು ಒತ್ತಾದ ಕೆಚ್ಚುಳ್ಳ, ನೀರಿಗೆ ಜಗ್ಗದ, ಬಳುಕದ ಮರ. ಕೆಚ್ಚು ಎಂಬ ಶಬ್ದವನ್ನೇ ನೋಡಿ: ಮರದ ತಿರುಳಿಗೂ ಮನುಷ್ಯನ ಧೈರ್ಯಕ್ಕೂ ಕನ್ನಡ ಒಂದೇ ಮಾತು ಇಟ್ಟಿದೆ. ಹೊಲದ ಬದುವಿನ ಕರಿಜಾಲಿಯಲ್ಲಿ ಆ ಕೆಚ್ಚು ಉಂಟು, ಮುದಿ ಹುಣಸೆಯ ಒಡಲಿನಲ್ಲಿ ಉಂಟು. ಸವಣೂರಿನಲ್ಲಿ ಮಠದ ಆವರಣದ ಮೂರು ದೊಡ್ಡ ಹುಣಸೆಮರಗಳೆಂದು ಹೆಸರಾದ, ನಿಜಕ್ಕೂ ಆಫ್ರಿಕದ ಮೂಲದ ಬಾವೊಬಾಬ್ ಆದ ಮಹಾವೃಕ್ಷಗಳಿವೆ. ಅವುಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಹತ್ತು ಜನ ಕೈ ಕೈ ಹಿಡಿದರೂ ಬಳಸಲಾಗದ ಆ ಬೊಡ್ಡೆಯ ಮರ ಮೆತ್ತಗೆ, ನೀರು ತುಂಬಿದ್ದು. ಅದರಿಂದ ಒಂದು ಕತ್ತಿಗೆ ಹಿಡಿಯಾಗದು. ಬದುವಿನ ಜಾಲಿಯಿಂದ ಆಗುತ್ತದೆ. ನಾವು ಮಾತ್ರ ದೊಡ್ಡದನ್ನು ನೋಡಲು ಬಸ್ಸು ಹಿಡಿದು ಹೋಗುತ್ತೇವೆ, ಜಾಲಿಯನ್ನು ಕಡಿದು ಒಲೆಗೆ ಹಾಕುತ್ತೇವೆ.

ಬೀಟೆಯ ಹೆಸರು ಎತ್ತಿದ್ದರಿಂದ ಕಾಡು ಕಡಿಯಲು ಕರೆ ಕೊಟ್ಟನೆಂದು ಯಾರೂ ತಿಳಿಯಬಾರದು. 2017ರ ಜನವರಿಯಿಂದ ಬೀಟೆಯ ಕುಲವೇ ಸೈಟಿಸ್ ಒಪ್ಪಂದದ ನಿಯಂತ್ರಣ ಪಟ್ಟಿಯಲ್ಲಿದೆ. ಅದು ಸರಿಯಾದದ್ದೇ. ಹಿಡಿಗೆ ಬೇಕಾದದ್ದು ಅಂಗೈಯಗಲದ ಚೂರು. ಮುರಿದ ಮಂಚದ ಕಾಲು, ಕಿತ್ತ ಬಾಗಿಲ ಚೌಕಟ್ಟು, ಹಳೆ ತೊಟ್ಟಿಲ ಪಟ್ಟಿ ಸಾಕು. ಹಿಂದೆ ಶ್ರೀಮಂತರ ಕತ್ತಿಗಳಿಗೆ ದಂತದ ಹಿಡಿ ಇರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳ ತರುವಾಯ ದಂತದ ವ್ಯಾಪಾರ ನಮ್ಮಲ್ಲಿ ನಿಷಿದ್ಧ. ಆನೆಯನ್ನೂ ಆಮೆಯನ್ನೂ ಕೊಲ್ಲದೆ, ಕಾಡಿಗೆ ಕೊಡಲಿ ಹಾಕದೆ, ಅಟ್ಟದ ಮೇಲಿನ ಮುರುಕು ಸಾಮಾನಿನಿಂದ ಆಗುವ ಹಿಡಿಗಿಂತ ನಿರಪರಾಧಿಯಾದ ಅಲಂಕಾರ ಇನ್ನಾವುದು?

ಅಲಗಿನ ಮೇಲಿನ ಪರದೇಶದ ಮುದ್ರೆಯನ್ನು ಕಂಡು, "ಇಂಥದಕ್ಕೆ ನಮ್ಮ ಊರ ಬಡಿಗನ ಹಿಡಿಯೇ?" ಎಂದು ಮೂಗು ಮುರಿಯುವವರೂ ಇದ್ದಾರೆ. ಅವರಿಗೆ ಒಂದಿಷ್ಟು ಇತಿಹಾಸ ಹೇಳಬೇಕಾಗಿದೆ. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿಟ್ಟು ಕಾಯಿಸಿ ತಯಾರಿಸುತ್ತಿದ್ದ ಉಕ್ಕು ಯೂರೋಪಿನ ವಿದ್ವಾಂಸರನ್ನು ಬೆರಗುಗೊಳಿಸಿತ್ತು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆ ಉಕ್ಕಿನ ವಿಷಯವಾಗಿ ಪ್ರಬಂಧ ಓದಿದನು. ಅದನ್ನು ಅವರು ಕರೆದದ್ದು ವೂಟ್ಸ್ ಎಂದು. ಈ ಶಬ್ದ ನಮ್ಮ ಉಕ್ಕು ಎಂಬುದರ ಅಪಭ್ರಂಶವೆಂದು ಬಹುಮಂದಿ ವಿದ್ವಾಂಸರು ಒಪ್ಪಿದ್ದಾರೆ. ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟನೂ ಮೈಕೆಲ್ ಫ್ಯಾರಡೆಯೂ ಕೂಡಿ ಆ ಉಕ್ಕಿನ ಗುಟ್ಟು ಹುಡುಕುತ್ತ ಮಿಶ್ರಲೋಹಗಳ ಪ್ರಯೋಗ ನಡೆಸಿ 1820ರಲ್ಲಿಯೂ 1822ರಲ್ಲಿಯೂ ಪ್ರಬಂಧ ಪ್ರಕಟಿಸಿದರು. ವಿದ್ಯುತ್ತಿನಿಂದ ಲೋಕಪ್ರಸಿದ್ಧನಾದ ಅದೇ ಫ್ಯಾರಡೆ ತನ್ನ ಉಕ್ಕಿನಿಂದ ಕ್ಷೌರದ ಕತ್ತಿಗಳನ್ನು ಮಾಡಿಸಿ ಸ್ನೇಹಿತರಿಗೆ ಉಡುಗೊರೆಯಾಗಿ ಕೊಡುತ್ತಿದ್ದನು. ಮಹಾವಿಜ್ಞಾನಿಯೊಬ್ಬನಿಗೆ ಸ್ನೇಹಿತರ ಕೈಗೆ ಕ್ಷೌರದ ಕತ್ತಿ ಕೊಡುವುದು ಅವಮಾನವೆನಿಸಲಿಲ್ಲ. ನಮ್ಮ ಭಾಷೆಯ ಒಂದು ಶಬ್ದ ಹೀಗೆ ಸಮುದ್ರ ದಾಟಿ ಹೋಗಿ ಉಕ್ಕಿನ ವಿಜ್ಞಾನದ ಪುಸ್ತಕಗಳಲ್ಲಿ ನೆಲೆಸಿದೆ. ಅಲ್ಲಿಂದ ಬಂದ ಅಲಗಿಗೆ ಇಲ್ಲಿಯ ಮರ ತೊಡಿಸಿದರೆ ಯಾರ ಮರ್ಯಾದೆಯೂ ಕಡಿಮೆಯಾಗದು.

ಈಗ ಮೂಲ ರೋಗಕ್ಕೆ ಬರೋಣ. ಹಡಪ ಎಂಬ ಶಬ್ದಕ್ಕೆ ಎಲೆಯಡಿಕೆಯ ಚೀಲವೆಂಬ ಅರ್ಥವೂ ಉಂಟು, ಕ್ಷೌರಿಕನ ಚೀಲವೆಂಬ ಅರ್ಥವೂ ಉಂಟು. ಹನ್ನೆರಡನೆಯ ಶತಮಾನದ ಹಡಪದ ಅಪ್ಪಣ್ಣನವರು ಬಸವಣ್ಣನವರ ಹಡಪ ಹಿಡಿದವರು, ಅವರ ಅಂತರಂಗದ ಒಡನಾಡಿ, ಸ್ವತಃ ವಚನಕಾರರು; ಅವರ ಪತ್ನಿ ಲಿಂಗಮ್ಮನವರೂ ವಚನಕಾರ್ತಿ. ಇಂದು ಸರಕಾರ ಅಪ್ಪಣ್ಣನವರ ಜಯಂತಿಯನ್ನು ಆಚರಿಸುತ್ತದೆ. ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಭಾಷಣವಾಗುತ್ತದೆ. ಮರುದಿನ ಅದೇ ಕಚೇರಿಯಲ್ಲಿ, ಕೆಲಸ ಬಾರದವನನ್ನು ಜರೆಯಲು "ಹಜಾಮತಿ ಮಾಡಲು ಹೋಗು" ಎಂಬ ಮಾತು ಕೇಳಿಬರುತ್ತದೆ. ಹಜಾಮ ಎಂಬುದು ಅರಬ್ಬಿಯಿಂದ ಬಂದ ಶಬ್ದ. ಮೈಯೊಳಗಿನ ಕೆಟ್ಟ ರಕ್ತವನ್ನು ಕೊಂಬು ಹಾಕಿ ತೆಗೆಯುವ ವೈದ್ಯನಿಗೆ ಅಲ್ಲಿ ಆ ಹೆಸರು. ಒಂದು ದೇಶದಲ್ಲಿ ಚಿಕಿತ್ಸಕನ ಹೆಸರಾದದ್ದನ್ನು ನಾವು ಬೈಗುಳ ಮಾಡಿಕೊಂಡೆವು. ನನ್ನ ತರಗತಿಯಲ್ಲಿ ಬುದ್ಧಿವಂತನಾದ ಒಬ್ಬ ಹುಡುಗನಿದ್ದ. ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬ ಕಡೆಯಲ್ಲಿ ಪ್ರತಿ ಸಲವೂ ವ್ಯಾಪಾರ ಎಂದು ಬರೆಯುತ್ತಿದ್ದ. ಏನು ವ್ಯಾಪಾರವೆಂದು ನಾನು ಕೇಳಲಿಲ್ಲ. ಅವನ ತಂದೆಯ ಅಂಗಡಿಯಲ್ಲಿಯೇ ನಾನು ತಲೆಗೂದಲು ಕತ್ತರಿಸಿಕೊಳ್ಳುವುದು. ಆ ಒಂದು ಸುಳ್ಳನ್ನು ಅವನಿಂದ ಬರೆಯಿಸಿದವರು ನಾವೆಲ್ಲರೂ. ಇಂಥ ಮನೆಯಲ್ಲಿ ಅಜ್ಜನ ಕತ್ತಿ ಗುಜರಿಗೆ ಹೋಯಿತೆಂದರೆ ಮನೆಯವರನ್ನು ದೂರುವ ಅಧಿಕಾರ ನಮಗಿಲ್ಲ.

ಆಕ್ಷೇಪಣೆಗಳು ಬರುತ್ತವೆಂದು ಬಲ್ಲೆ. ಮೊದಲನೆಯದು ಆರೋಗ್ಯದ ದೃಷ್ಟಿಯದು. 1986ರಲ್ಲಿ ಮದ್ರಾಸಿನಲ್ಲಿ ಏಡ್ಸ್ ಸೋಂಕು ಮೊದಲಬಾರಿಗೆ ಪತ್ತೆಯಾದ ಮೇಲೆ, ಒಂದೇ ಅಲಗಿನಿಂದ ಹಲವರ ಗಡ್ಡ ಕೆರೆಯುವುದು ಅಪಾಯವೆಂಬ ಅರಿವು ಹರಡಿತು. ಪ್ರತಿಯೊಬ್ಬನಿಗೂ ಹೊಸ ಬ್ಲೇಡು ಬಳಸುವ ಪದ್ಧತಿ ಬಂದಿತು. ಅದು ಹಾಗೆಯೇ ಇರಬೇಕು. ಅಂಗಡಿಗಳಲ್ಲಿ ಹಳೆಯ ಕತ್ತಿ ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಒಬ್ಬನ ಕತ್ತಿ ಒಬ್ಬನಿಗೇ. ಕಲಿಯುವ ತಾಳ್ಮೆಯುಳ್ಳವನು ಅದರಿಂದ ತನ್ನ ಗಡ್ಡವನ್ನು ತಾನು ತೆಗೆದುಕೊಳ್ಳಲಿ. ಇಲ್ಲದವನು ಹಿಡಿ ತೊಡಿಸಿ, ಎಣ್ಣೆ ಸವರಿ ಮನೆಯಲ್ಲಿಡಲಿ. 1904ರಲ್ಲಿ ಜಿಲೆಟ್ ಮಹಾಶಯನು ಸುರಕ್ಷಿತ ರೇಜರಿಗೆ ಅಮೇರಿಕದ ಹಕ್ಕುಪತ್ರ ಪಡೆದಂದಿನಿಂದ ಲೋಕ ಬಿಸಾಡುವ ಅಲಗನ್ನು ಅಪ್ಪಿಕೊಂಡಿದೆ. ಲೋಕದ ಜೊತೆಗೆ ಹೋರಾಡುವ ಇಚ್ಛೆ ನನಗಿಲ್ಲ. ಬಿಸಾಡದೆ ಉಳಿಯಬಲ್ಲದ್ದನ್ನೂ ಬಿಸಾಡಬೇಡಿರೆಂದಷ್ಟೇ ನನ್ನ ಮಾತು.

ಎರಡನೆಯ ಆಕ್ಷೇಪಣೆ ನನ್ನ ಗೆಳೆಯರಲ್ಲಿಯೇ ಕೆಲವರದು. ಅದು ಹೆಚ್ಚು ತೂಕವುಳ್ಳದ್ದು. "ಜಾತಿಗೆ ಕಟ್ಟಿಹಾಕಿದ ಕಸುಬಿನ ಉಪಕರಣಕ್ಕೆ ಬೀಟೆಯ ಹಿಡಿ ತೊಡಿಸಿ ಮುದ್ದು ಮಾಡುವುದೆಂದರೆ ಆ ಕಟ್ಟನ್ನೇ ಮುದ್ದು ಮಾಡಿದಂತೆ. ಆ ಮಕ್ಕಳು ಓದಿ ಡಾಕ್ಟರಾಗಲಿ, ಎಂಜಿನಿಯರಾಗಲಿ, ಕತ್ತಿ ಹಾಳಾಗಿ ಹೋಗಲಿ" ಎಂದು ಅವರು ಹೇಳುತ್ತಾರೆ. ಮಕ್ಕಳು ಓದಲಿ ಎಂಬುದನ್ನು ನಾನು ಎರಡು ಕೈಯೆತ್ತಿ ಒಪ್ಪುತ್ತೇನೆ. ಓದಿಸುವುದೇ ನನ್ನ ಉದ್ಯೋಗ. ಆದರೆ ಒಂದು ಪ್ರಶ್ನೆ. 1971ರಲ್ಲಿ ಈ ದೇಶ ಅರಸರ ರಾಜಧನವನ್ನು ರದ್ದು ಮಾಡಿತು. ಅರಸೊತ್ತಿಗೆ ಮುಗಿಯಿತೆಂದು ಯಾರಾದರೂ ಅರಮನೆಯ ಖಡ್ಗಗಳನ್ನು ಗುಜರಿಗೆ ಹಾಕಿದರೆ? ಅರಸರನ್ನು ಉಳಿಸದೆ ಅರಸರ ಖಡ್ಗವನ್ನು ಉಳಿಸಿಕೊಳ್ಳಲು ಬಲ್ಲ ನಮಗೆ, ಕಟ್ಟನ್ನು ಉಳಿಸದೆ ಕತ್ತಿಯನ್ನು ಉಳಿಸಿಕೊಳ್ಳಲು ಏಕೆ ಬಾರದು? ದುಡಿದವರ ಉಪಕರಣಕ್ಕೆ ಮಾತ್ರ ಮರೆವು ಲೇಸು ಎಂಬ ನ್ಯಾಯವನ್ನು ನಾನು ಒಪ್ಪಲಾರೆ.

ಆ ಕತ್ತಿ ಪುಣ್ಯದ ಕೆಲಸವನ್ನಷ್ಟೇ ಮಾಡಿತೆಂದು ಹೇಳಿದರೆ ಸುಳ್ಳಾದೀತು. ಎಳೆಯ ವಿಧವೆಯರ ತಲೆಯ ಮೇಲೆ ಆಡಿದ್ದೂ ಇಂಥದೇ ಕತ್ತಿ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಓದಿದವರಿಗೆ ಆ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಬಲಿಷ್ಠರ ಅಂಜಿಕೆಗೋ ಒಪ್ಪಿಗೆಗೋ ಒಳಗಾಗಿ ದಲಿತರ ಮುಂದೆ ಮಡಿಚಿಕೊಂಡದ್ದೂ ಇದೇ ಕತ್ತಿ. ಅಂಗಡಿಯಲ್ಲಿ ದಲಿತರಿಗೆ ಕ್ಷೌರ ನಿರಾಕರಿಸಿದರೆಂಬ ಸುದ್ದಿ ಕರ್ನಾಟಕದ ಹಳ್ಳಿಗಳಿಂದ ಇಂದಿಗೂ ಪತ್ರಿಕೆಗೆ ಬರುತ್ತಿರುವುದು ನಾಚಿಕೆಗೇಡು. ಜಾವಳದ ಮಗುವಿನ ಮೃದುವಾದ ತಲೆ, ಮದುಮಗನ ಗಲ್ಲ, ತಂದೆಯನ್ನು ಕಳೆದುಕೊಂಡ ಮಗನ ಬೋಳುತಲೆ, ಇವೆಲ್ಲವನ್ನೂ ಅದು ಬಲ್ಲದು. ಇಷ್ಟೆಲ್ಲ ಕಂಡ ಸಾಕ್ಷಿಯನ್ನು ತೂಕಕ್ಕೆ ಮಾರಿದರೆ ಇತಿಹಾಸದಿಂದ ಪುಣ್ಯವೂ ಅಳಿಯುತ್ತದೆ, ಪಾಪವೂ ಅಳಿಯುತ್ತದೆ. ಖಡ್ಗವೇನು ಕೈ ತೊಳೆದುಕೊಂಡು ಗಾಜಿನ ಪೆಟ್ಟಿಗೆಗೆ ಬಂದಿತೆ?

ಮೂರನೆಯ ಆಕ್ಷೇಪಣೆ ಇದು ಉಳ್ಳವರ ಶೋಕಿ ಎಂಬುದು. ಈಗ ದೊಡ್ಡ ಪಟ್ಟಣಗಳಲ್ಲಿ ಮಡಿಚುವ ಕತ್ತಿಯಿಂದ ಗಡ್ಡ ತೆಗೆದುಕೊಳ್ಳುವ ಹವ್ಯಾಸ ಬಂದಿರುವುದು ನಿಜ. ಅಳತೆ ಕೊಟ್ಟು, ಮರ ಆರಿಸಿ, ಹಿಡ ಮಾಡಿಸುವವರು ಅವರಲ್ಲಿ ಉಂಟು. ಶೋಕಿಯೆಂದು ನಾನು ಹಳಿಯುವುದಿಲ್ಲ; ಒಳ್ಳೆಯ ವಸ್ತುವನ್ನು ಪ್ರೀತಿಸುವುದು ದೋಷವಲ್ಲ. ನನ್ನ ತಕರಾರು ಬೇರೆ. ಇಂಡಿಯನ್ ರೋಜ್‌ವುಡ್ ಎಂಬ ಹೆಸರಿನ ಹಿಡಿಯನ್ನು ಪರದೇಶದ ಕುಶಲಕರ್ಮಿಯಿಂದ ತರಿಸಿಕೊಂಡು ಬೀಗುವವರಿಗೆ ಅದು ನಮ್ಮ ಬೀಟೆಯೇ ಎಂಬುದು ಗೊತ್ತಿರುವುದಿಲ್ಲ. ಅಲ್ಲಿಯ ಕೆಲಸಗಾರನ ಹೆಸರನ್ನು ಅವರು ಗೌರವದಿಂದ ಉಚ್ಚರಿಸುತ್ತಾರೆ. ಅದೇ ಕೆಲಸ ಬಲ್ಲ ನಮ್ಮ ಬಡಿಗನಿಗೆ ಹೆಸರಿಲ್ಲ. ಅವನೊಂದಿಗೆ ಹತ್ತು ರೂಪಾಯಿಗೆ ಚೌಕಾಸಿ. ಚನ್ನಪಟ್ಟಣದ ಅರಗಿನ ಬೊಂಬೆ, ಕಿನ್ನಾಳದ ಬೊಂಬೆ, ಸೊರಬ ಸಾಗರಗಳ ಗುಡಿಗಾರರ ಗಂಧದ ಕೆತ್ತನೆಗಳನ್ನು ಅತಿಥಿಗಳ ಕೈಗಿತ್ತು ಹೆಮ್ಮೆಪಡುತ್ತೇವೆ. ದೇವರ ಮೂರ್ತಿ, ಬೊಂಬೆ, ಆನೆಗಳಾದರೆ ಕಲೆ. ಕೈಯಲ್ಲಿ ಹಿಡಿದು ದುಡಿಯುವ ವಸ್ತುವಾದರೆ ಬರಿಯ ಕೂಲಿಕೆಲಸ. ಈ ಭೇದವನ್ನು ಯಾವ ಶಾಸ್ತ್ರ ಹೇಳಿತು?

ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಟಿ. ಬಿ. ಸೊಲಬಕ್ಕನವರ ಅವರ ಕಲ್ಪನೆಯಲ್ಲಿ ರೂಪುಗೊಂಡ ಉತ್ಸವ ರಾಕ್ ಗಾರ್ಡನ್ ಇದೆ. ಉತ್ತರ ಕರ್ನಾಟಕದ ಹಳ್ಳಿಯ ಬಾಳನ್ನು ಅಲ್ಲಿ ಆಳೆತ್ತರದ ಶಿಲ್ಪಗಳಾಗಿ ನಿಲ್ಲಿಸಿದ್ದಾರೆ. ಪಟ್ಟಣದ ಮಕ್ಕಳು ಅದನ್ನು ನೋಡಿ ಬರಬೇಕು. ಆದರೆ ಪ್ರತಿಮೆ ಬೇರೆ, ಮೂರು ತಲೆಮಾರಿನ ಹೆಬ್ಬೆರಳಿನಿಂದ ಸವೆದ ಹಿಡಿ ಬೇರೆ. ಪ್ರತಿಮೆಯನ್ನು ಮತ್ತೊಂದು ಮಾಡಬಹುದು, ಸವೆತವನ್ನು ಮಾಡಲಾಗದು. ನಮ್ಮ ಜಿಲ್ಲೆಯ ಸಂಗ್ರಹಾಲಯಗಳೂ ಕಾಲೇಜುಗಳೂ ಒಂದೊಂದಾದರೂ ಹಡಪವನ್ನು ಕೇಳಿ ತಂದಿಡಲಿ. ಕೇಳಿ ಎಂದೆ, ಕಸಿದು ಎನ್ನಲಿಲ್ಲ. ತಕ್ಕ ಬೆಲೆ ಕೊಟ್ಟು ತರಲಿ. ಚೀಟಿಯಲ್ಲಿ ಮೂರು ಹೆಸರು ಇರಲಿ: ಯಾವ ಮರ, ಹಿಡಿ ಮಾಡಿದವರು ಯಾರು, ಬಳಸಿದವರು ಯಾರು. ಕತ್ತಿಯ ಮೇಲಿನ ಷೆಫೀಲ್ಡ್ ಮುದ್ರೆಯನ್ನು ಓದುವುದು ಕಷ್ಟವಲ್ಲ. ಈ ಮೂರು ಹೆಸರುಗಳನ್ನು ಇಂದು ಬರೆದಿಡದಿದ್ದರೆ ನಾಳೆ ಹೇಳುವವರು ಇರುವುದಿಲ್ಲ.

ಖಂಡೇನವಮಿಯ ದಿನ ಹಡಪದವರ ಮನೆಗಳಲ್ಲಿ ಕತ್ತಿ, ಕತ್ತರಿ, ಸಾಣೆಕಲ್ಲುಗಳಿಗೆ ಅರಿಸಿನ ಕುಂಕುಮ ಏರುತ್ತದೆ. ಬಡಿಗೇರರ ಮನೆಯಲ್ಲಿ ಉಳಿ, ಬಾಚಿ, ಗರಗಸಗಳಿಗೆ ಏರುತ್ತದೆ. ಆ ದಿನ ನಮ್ಮಂಥವರು ಪುಸ್ತಕಕ್ಕೂ ಸ್ಕೂಟರಿಗೂ ಪೂಜೆ ಮಾಡಿ ಸುಮ್ಮನಾಗುತ್ತೇವೆ. ಮುಂದಿನ ಹಬ್ಬಕ್ಕೆ ಮುಂಚೆ ಓದುಗರು ಒಂದು ಕೆಲಸ ಮಾಡಬೇಕೆಂದು ನನ್ನ ಬಿನ್ನಹ. ನಿಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿ ತಾತನ ಕ್ಷೌರದ ಪೆಟ್ಟಿಗೆ ಇದ್ದೀತು, ತೆಗೆದು ನೋಡಿರಿ. ಸೆಲ್ಯುಲಾಯ್ಡ್ ಹಿಡಿ ಬಿರಿದಿದ್ದರೆ, ಬೆವರಿದಂತೆ ಕಂಡರೆ, ಅದನ್ನು ಕೂಡಲೇ ಅಲಗಿನಿಂದ ಬೇರೆ ಮಾಡಿಸಿರಿ. ತಡಮಾಡಿದಷ್ಟೂ ಉಕ್ಕು ಹಾಳಾಗುತ್ತದೆ. ಅಲಗಿಗೆ ತುಸು ಎಣ್ಣೆ ಸವರಿ, ಮನೆಯಲ್ಲಿ ಮುರಿದ ಹಳೆ ಮರವೊಂದನ್ನು ಜೊತೆಗೆ ಹಿಡಿದು ನಿಮ್ಮ ಊರಿನ ಬಡಿಗನ ಹತ್ತಿರ ಹೋಗಿರಿ. ಅವಸರ ಮಾಡಬೇಡಿರಿ, ಎಣ್ಣೆ ಒಣಗಲು ದಿನ ಹಿಡಿಯುತ್ತದೆ. ಚೌಕಾಸಿ ಮಾಡಬೇಡಿರಿ; ಎಷ್ಟು ದಿನದ ಕೆಲಸವೋ ಅಷ್ಟು ದಿನದ ಪೂರ್ಣ ಕೂಲಿ ಕೊಡಿರಿ. ಪಟ್ಟಿಗಳನ್ನು ಜಡಿಯುವ ಮುನ್ನ ಒಳಮೈಯ ಮೇಲೆ ಅವನ ಹೆಸರನ್ನೂ ವರ್ಷವನ್ನೂ ಮೊಳೆಯ ಮೊನೆಯಿಂದ ಕೊರೆಯಲು ಹೇಳಿರಿ. ಎಪ್ಪತ್ತೆಂಬತ್ತು ವರ್ಷಗಳ ಮೇಲೆ ಇನ್ನಾರೋ ಹಿಡಿ ಬಿಚ್ಚಿದಾಗ ಆ ಹೆಸರನ್ನು ಓದುತ್ತಾರೆ.